ಹೊಸ ಕಾರಿನ ಮೇಲೆ ಇನ್ನೊಂದು ಲೇಪ ಬೇಕೆ?

ಕಾರು ಬುಕ್ ಮಾಡಲು ಹೋದಾಗ ಶೋರೂಮಿನವರು ಕೊಡುವ ಕೊಟೇಶನ್ನನ್ನು ಕೊನೆಯ ಸಾಲಿನವರೆಗೂ ಓದಬೇಕು. ಎಕ್ಸ್-ಶೋರೂಮ್ ಬೆಲೆ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್ ಎಲ್ಲ ಮುಗಿದ ಮೇಲೆ ತಳದಲ್ಲಿ ಇನ್ನೂ ಕೆಲವು ಬಾಬ್ತುಗಳಿರುತ್ತವೆ: ಟೆಫ್ಲಾನ್ ಕೋಟಿಂಗ್, ಸೆರಾಮಿಕ್ ಕೋಟಿಂಗ್, ಅಂಡರ್‌ಬಾಡಿ ಆ್ಯಂಟಿ-ರಸ್ಟ್ ಕೋಟಿಂಗ್, ಕೆಲವೆಡೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್). ಯಾವುದನ್ನು ಒಪ್ಪಿಕೊಳ್ಳುತ್ತೀರಿ ಎನ್ನುವುದರ ಮೇಲೆ ಈ ಖರ್ಚು ನಾಲ್ಕೈದು ಸಾವಿರದಿಂದ ಹಿಡಿದು ಲಕ್ಷದಾಚೆಗೂ ಹೋಗುತ್ತದೆ. ‘ಇಷ್ಟು ಲಕ್ಷ ಕೊಟ್ಟು ಗಾಡಿ ತಗೊಳ್ತಿದೀರಿ ಸರ್, ಇದೊಂದು ಮಾಡಿಸಿಬಿಡಿ, ಆಮೇಲೆ ಚಿಂತೇನೇ ಇಲ್ಲ’ ಎನ್ನುತ್ತಾರೆ. ಮನೆಮಂದಿಯೆಲ್ಲ ಕೂತು ಬಣ್ಣ ಆರಿಸುತ್ತಿರುವ ಸಂಭ್ರಮದಲ್ಲಿ ಆ ಮಾತಿಗೆ ಇಲ್ಲವೆನ್ನುವುದು ಕಷ್ಟ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ ನಿಜವಾದ ರಕ್ಷಣೆ ಕೊಡುವ ಲೇಪಗಳು ಕಾರ್ಖಾನೆಯಲ್ಲೇ ಆಗಿಹೋಗಿರುತ್ತವೆ. ಶೋರೂಮಿನಲ್ಲಿ ಮಾರುವುದರಲ್ಲಿ ಹೆಚ್ಚಿನದು ಹೊಳಪು. ಯಾಕೆ ಹೀಗೆನ್ನುತ್ತೇನೆ ಎಂಬುದಕ್ಕೆ ಬಣ್ಣದ ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಬಿಡದಿಯ ಕಾರ್ಖಾನೆಯಿರಲಿ, ಚೆನ್ನೈ ಹತ್ತಿರದ್ದಿರಲಿ, ಕಾರಿಗೆ ಬಣ್ಣ ಹಚ್ಚುವ ಕ್ರಮ ಸರಿಸುಮಾರು ಒಂದೇ. ಬೆಸುಗೆ ಮುಗಿದ ಉಕ್ಕಿನ ಬಾಡಿಯನ್ನು ಮೊದಲು ಜಿಡ್ಡೆಲ್ಲ ಹೋಗುವಂತೆ ತೊಳೆಯುತ್ತಾರೆ. ಎಷ್ಟೋ ಕಾರುಗಳಲ್ಲಿ ಆ ಉಕ್ಕಿನ ತಗಡಿಗೆ ಮೊದಲೇ ಸತುವಿನ ಲೇಪ ಇರುತ್ತದೆ. ಉಕ್ಕಿಗಿಂತ ಸತು ಬೇಗ ಕ್ರಿಯೆಗೆ ಒಳಗಾಗುವ ಲೋಹ. ಹಾಗಾಗಿ ಗೀರು ಬಿದ್ದರೂ ಮೊದಲು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ತೊಳೆದಾದ ಮೇಲೆ ಫಾಸ್ಫೇಟ್ ದ್ರಾವಣದ ಸರದಿ. ಅದು ಲೋಹದ ಮೇಲೆ ಸಣ್ಣ ಸಣ್ಣ ಹರಳುಗಳ ಪದರವೊಂದನ್ನು ಬೆಳೆಸುತ್ತದೆ. ಮುಂದೆ ಬರುವ ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಈ ಹರಳುಗಳನ್ನೇ.

ಆಮೇಲಿನದು ನನಗೆ ಇಡೀ ಕಾರ್ಖಾನೆಯಲ್ಲೇ ತುಂಬ ಇಷ್ಟವಾದ ಹಂತ. ದೊಡ್ಡ ತೊಟ್ಟಿಯೊಂದರಲ್ಲಿ ನೀರಿನೊಂದಿಗೆ ಎಪಾಕ್ಸಿ ಆಧಾರಿತ ಬಣ್ಣದ ಕಣಗಳನ್ನು ಬೆರೆಸಿಟ್ಟಿರುತ್ತಾರೆ. ಇಡೀ ಬಾಡಿಯನ್ನು ಅದರಲ್ಲಿ ಮುಳುಗಿಸಿ, ಬಾಡಿಗೆ ವಿದ್ಯುತ್ತಿನ ಋಣ ತುದಿಯನ್ನು ಜೋಡಿಸಿ, ಇನ್ನೂರು ಮುನ್ನೂರು ವೋಲ್ಟ್ ಹರಿಸುತ್ತಾರೆ. ಧನ ವಿದ್ಯುದಂಶವಿರುವ ಬಣ್ಣದ ಕಣಗಳು ಲೋಹದತ್ತ ನುಗ್ಗಿ ಅಂಟಿಕೊಳ್ಳುತ್ತವೆ. ಬಣ್ಣ ಕೂತ ಜಾಗದಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಆಗ ಅದು ಇನ್ನೂ ಬರಿದಾಗಿರುವ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ, ಅದರ ಹಿಂದೆಯೇ ಬಣ್ಣವೂ ಹೋಗುತ್ತದೆ. ಬ್ರಷ್ಷಾಗಲಿ ಸ್ಪ್ರೇಯಾಗಲಿ ಮುಟ್ಟಲಾಗದ ಬಾಗಿಲಿನ ಒಳಮೈ, ಕಂಬಗಳ ಟೊಳ್ಳು, ಮಡಿಕೆಗಳ ಸಂದು ಎಲ್ಲಕ್ಕೂ ಹೀಗೆ ಸುಮಾರು 20 ಮೈಕ್ರಾನ್ ದಪ್ಪದ ಹೊದಿಕೆ ಸಿಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಳಿಕ 160ರಿಂದ 180 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಅದನ್ನು ಬೇಯಿಸಿ ಗಟ್ಟಿ ಮಾಡುತ್ತಾರೆ. ಸೀಟು, ವೈರು, ಪ್ಲಾಸ್ಟಿಕ್ಕು ಯಾವುದೂ ಇಲ್ಲದ ಬರೀ ಉಕ್ಕಿನ ಗೂಡಿಗೆ ಮಾತ್ರ ಮಾಡಬಹುದಾದ ಕೆಲಸ ಇದು. ಸಿದ್ಧವಾದ ಕಾರಿಗೆ ಯಾವ ಶೋರೂಮಿನ ಹಿತ್ತಲಲ್ಲೂ ಇದನ್ನು ಮಾಡಲಾಗುವುದಿಲ್ಲ.

ಇದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಆರಿಸಿದ ಬಣ್ಣ, ಎಲ್ಲಕ್ಕೂ ಮೇಲೆ 40 ಮೈಕ್ರಾನಿನ ಆಸುಪಾಸಿನ ಪಾರದರ್ಶಕ ಕ್ಲಿಯರ್‌ಕೋಟ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳು ಇರುವುದು ಈ ಕೊನೆಯ ಪದರದಲ್ಲಿ. ಎಲ್ಲ ಸೇರಿದರೆ 100ರಿಂದ 140 ಮೈಕ್ರಾನ್. ‘ಬಿಸಿಲಿಗೆ ಬಣ್ಣ ಮಾಸುತ್ತದೆ, ಕೋಟಿಂಗ್ ಬೇಕು’ ಎಂದು ಯಾರಾದರೂ ಹೇಳಿದರೆ ಕ್ಲಿಯರ್‌ಕೋಟ್ ಇರುವುದೇ ಅದಕ್ಕೆ ಎಂದು ನೆನಪಿಡಿ.

ಈಗ ಟೆಫ್ಲಾನ್ ವಿಷಯ. ಇದನ್ನು ಬೇಗ ಮುಗಿಸಬಹುದು. 1938ರ ಏಪ್ರಿಲ್‌ನಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು ಅದು. ಯಾವುದಕ್ಕೂ ಅಂಟದಿರುವುದೇ ಅದರ ಗುಣ. ಹಾಗಿದ್ದರೆ ಅದು ದೋಸೆ ತವಾಕ್ಕೆ ಹೇಗೆ ಅಂಟಿತು? ತವಾದ ಮೈಯನ್ನು ಒರಟು ಮಾಡಿ, ಟೆಫ್ಲಾನ್ ಕರಗುವ 327 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕಾಯಿಸಿ ಕೂರಿಸುತ್ತಾರೆ. ಕಾರಿನ ಬಾನೆಟ್ಟನ್ನು ಅಷ್ಟು ಕಾಯಿಸಿದರೆ ಬಣ್ಣವೇ ಸುಟ್ಟುಹೋಗುತ್ತದೆ. ಆದ್ದರಿಂದ ಟೆಫ್ಲಾನ್ ಕೋಟಿಂಗ್ ಹೆಸರಲ್ಲಿ ಕಾರಿಗೆ ಹಚ್ಚುವುದು ಟೆಫ್ಲಾನ್ ಪುಡಿ ಬೆರೆಸಿದ ಪಾಲಿಶ್ ಅಥವಾ ಮೇಣ. ಕೆಲವು ತಿಂಗಳು ಮಿರುಗಿ, ತೊಳೆದಂತೆಲ್ಲ ಅದು ಹೋಗುತ್ತದೆ. ಇದಕ್ಕೆ ಸಾವಿರಗಟ್ಟಲೆ ಕೊಡುವುದು ವ್ಯರ್ಥ. ಒಳ್ಳೆಯ ಮೇಣದ ಡಬ್ಬಿಯೊಂದನ್ನು ತಂದು ರಜೆಯ ದಿನ ನೆರಳಲ್ಲಿ ನಾವೇ ಹಚ್ಚಿಕೊಂಡರೆ ಅದೇ ಫಲ.

ಸೆರಾಮಿಕ್ ಕೋಟಿಂಗ್ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಅದರಲ್ಲಿ ನಿಜವಾದ ರಸಾಯನಶಾಸ್ತ್ರ ಇದೆ. ಪಾಲಿಸಿಲಜೇನ್, ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳ ದ್ರಾವಣವನ್ನು ಕಾರಿಗೆ ಸವರಿದಾಗ ಅವು ಗಾಳಿಯ ತೇವದೊಂದಿಗೆ ಕೂಡಿಕೊಂಡು, ಗಾಜಿಗೆ ಹತ್ತಿರವಾದ ತೆಳ್ಳನೆಯ ಬಲೆಯೊಂದನ್ನು ಹೆಣೆಯುತ್ತವೆ. ಅದು ಕ್ಲಿಯರ್‌ಕೋಟನ್ನು ಹಿಡಿದುಕೊಳ್ಳುತ್ತದೆ, ಮೇಣದ ಹಾಗೆ ಬೇಗ ತೊಳೆದುಹೋಗುವುದಿಲ್ಲ. ಪ್ರಶ್ನೆ ಇರುವುದು ಅದರ ದಪ್ಪದಲ್ಲಿ, ಅದರ ಹೆಸರಲ್ಲಿ ಕೊಡುವ ಮಾತಿನಲ್ಲಿ.

ದಪ್ಪವನ್ನು ನೀವೇ ಲೆಕ್ಕ ಹಾಕಬಹುದು. ಒಂದು ಕಾರಿಗೆ ಬಳಸುವುದು ಸಾಮಾನ್ಯವಾಗಿ 50 ಮಿಲಿಲೀಟರಿನ ಪುಟ್ಟ ಸೀಸೆ. ಬಣ್ಣವಿರುವ ಹೊರಮೈ ಸುಮಾರು 12 ಚದರ ಮೀಟರ್ ಎಂದು ಹಿಡಿಯಿರಿ. ಸೀಸೆಯನ್ನು ಪೂರ್ತಿ ಹರಡಿದರೂ ಹಸಿ ಪದರದ ದಪ್ಪ ನಾಲ್ಕು ಮೈಕ್ರಾನ್ ಚಿಲ್ಲರೆ. ಅದರಲ್ಲಿ ಒಂದಷ್ಟು ಬಟ್ಟೆಯ ಪಾಲು, ದ್ರಾವಕ ಆರಿಹೋಗುತ್ತದೆ, ಮಿಕ್ಕಿದ್ದನ್ನು ಒರೆಸಿ ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಒಂದೆರಡು ಮೈಕ್ರಾನ್, ಹಲವು ಸಲ ಅದಕ್ಕಿಂತಲೂ ಕಡಿಮೆ. ಎದುರಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲನ್ನು ಇದು ತಡೆಯುತ್ತದೆ ಎಂದು ನಂಬುವುದಕ್ಕೆ ಆಧಾರವಿಲ್ಲ.

ಮಾರಾಟಗಾರರು ‘9ಎಚ್ ಗಟ್ಟಿತನ’ ಎನ್ನುತ್ತಾರೆ. ಕೇಳಿದವರಿಗೆ ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕ ನೆನಪಾಗಬಹುದು. ಅದರಲ್ಲಿ ವಜ್ರ 10, ಮಾಣಿಕ್ಯ 9. ಆದರೆ 9ಎಚ್ ಎನ್ನುವುದು ಪೆನ್ಸಿಲ್ಲಿನ ಅಳತೆ. ಚಿತ್ರ ಬರೆಯುವವರ ಬಳಿ ಎಚ್‌ಬಿ, 2ಬಿ, 4ಎಚ್ ಎಂದು ಪೆನ್ಸಿಲ್‌ಗಳಿರುತ್ತವಲ್ಲ, ಅದೇ ಸಾಲಿನ ತೀರ ಗಟ್ಟಿ ತುದಿ 9ಎಚ್. ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಾಗಿ ಹಿಡಿದು, 750 ಗ್ರಾಂ ಭಾರ ಹೇರಿ, ಲೇಪದ ಮೇಲೆ ತಳ್ಳಿ ನೋಡುವುದು ಬಣ್ಣದ ಉದ್ಯಮದವರ ಹಳೆಯ ಪರೀಕ್ಷೆ. 9ಎಚ್ ಪಾಸಾಯಿತು ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಕಡ್ಡಿ ಅದನ್ನು ಗೀರಲಿಲ್ಲ ಎಂದಷ್ಟೇ ಅರ್ಥ. ನಮ್ಮ ರಸ್ತೆಯ ದೂಳಿನಲ್ಲಿ ಇರುವುದು ಗ್ರಾಫೈಟಲ್ಲ. ಬೆಂಗಳೂರು, ತುಮಕೂರು, ಕೋಲಾರದ ನೆಲದಡಿಯ ಕಲ್ಲು ಗ್ರಾನೈಟ್ ಮತ್ತು ನೈಸ್. ಅವು ಸವೆದು ಬರುವ ಮರಳಿನಲ್ಲೂ, ಅವನ್ನು ಒಡೆದು ಮಾಡುವ ಎಂ-ಸ್ಯಾಂಡಿನಲ್ಲೂ ಬೆಣಚುಕಲ್ಲಿನ ಕಣಗಳು ಧಾರಾಳ. ಬೆಣಚುಕಲ್ಲಿನ ಗಟ್ಟಿತನ ಮೋಸ್ ಮಾಪಕದಲ್ಲಿ 7. ಕಾರಿನ ಮೈಮೇಲಿನ ಯಾವ ಲೇಪವೂ ಅದರ ಮುಂದೆ ನಿಲ್ಲುವುದಿಲ್ಲ.

ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತು ಗೀರುಗಳು ಹುಟ್ಟುವುದು ಹೀಗೆ. ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲಾಗಿ ನಿಂತ ಕಾರುಗಳನ್ನೆಲ್ಲ ಒರೆಸುತ್ತಾ ಹೋಗುವುದನ್ನು ನೋಡಿ. ನಾಲ್ಕನೆಯ ಕಾರಿಗೆ ಬರುವಷ್ಟರಲ್ಲಿ ಬಟ್ಟೆಯ ತುಂಬ ಬೆಣಚಿನ ಪುಡಿ ಇರುತ್ತದೆ. ಒಣ ದೂಳಿನ ಮೇಲೆ ಬಟ್ಟೆ ಉಜ್ಜುವುದನ್ನು ನಿಲ್ಲಿಸಿದರೆ ಕಾರಿನ ಬಣ್ಣಕ್ಕೆ ಆಗುವ ಉಪಕಾರ ದೊಡ್ಡದು, ಅದಕ್ಕೆ ಕಾಸೂ ಬೇಡ.

ಹಾಗಾದರೆ ಸೆರಾಮಿಕ್ಕಿನಿಂದ ಸಿಗುವುದೇನು? ನೀರು ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲೆ ಮಳೆಹನಿ ಮುತ್ತಾಗಿ ಉರುಳುವ ತತ್ವವೇ ಇಲ್ಲಿಯೂ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ. ಎಲೆಯ ಮೇಲೆ ಹನಿಯ ಅಂಚು ಮಾಡುವ ಕೋನ 150 ಡಿಗ್ರಿಗೂ ಹೆಚ್ಚು, ಸೆರಾಮಿಕ್ ಮೇಲೆ ನೂರು ನೂರಹತ್ತರ ಹತ್ತಿರ. ಕೆಸರು ಬೇಗ ಬಿಡುತ್ತದೆ, ತೊಳೆಯುವ ಶ್ರಮ ಕಡಿಮೆ, ಬಣ್ಣಕ್ಕೆ ಆಳ ಬರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಬಣ್ಣಕ್ಕೆ ತಲುಪುವುದು ಸ್ವಲ್ಪ ತಡವಾಗುತ್ತದೆ, ಆದರೂ ಅವತ್ತೇ ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆಯಬೇಕು. ಒಂದು ತೊಂದರೆಯೂ ಇದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಪ್ರತಿ ಹನಿಯೂ ಇದ್ದಲ್ಲೇ ಆರಿ ಸುಣ್ಣದ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಕೋಟಿಂಗ್ ಮಾಡಿಸಿದವರು ತೊಳೆದ ತಕ್ಷಣ ಒರೆಸಲೇಬೇಕು.

ಇನ್ನೂ ಒಂದು ಮಾತನ್ನು ಶೋರೂಮಿನವರು ಸಾಮಾನ್ಯವಾಗಿ ಹೇಳುವುದಿಲ್ಲ. ಕೋಟಿಂಗಿಗೆ ಮೊದಲು ಬಣ್ಣವನ್ನು ಯಂತ್ರದಲ್ಲಿ ಉಜ್ಜಿ ನಯ ಮಾಡುತ್ತಾರೆ. ಹಾಗೆ ಉಜ್ಜಿದಾಗ ಹೋಗುವುದು ಕ್ಲಿಯರ್‌ಕೋಟ್. ಪಳಗದ ಕೈಯಾದರೆ ಒಂದೆರಡು ಮೈಕ್ರಾನ್ ಹಚ್ಚುವುದಕ್ಕೆ ಅದಕ್ಕಿಂತ ಹೆಚ್ಚನ್ನು ಕೆರೆದು ತೆಗೆದಿರುತ್ತಾರೆ, ಅದೂ ಗೀರೇ ಇಲ್ಲದ ಹೊಸ ಕಾರಿನಿಂದ. ಸೆರಾಮಿಕ್ ಬೇಕೆನಿಸಿದರೆ ನಾಲ್ಕು ತಿಂಗಳು ಬಿಟ್ಟು, ಕೆಲಸ ಬಲ್ಲ ಡಿಟೇಲಿಂಗ್ ಸ್ಟುಡಿಯೋ ಹುಡುಕಿ ಮಾಡಿಸಿ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದು ಬಂದಿರುವುದರಿಂದ ಡೆಲಿವರಿಯ ದಿನವೇ ಆಗಬೇಕೆಂಬ ಅವಸರಕ್ಕೆ ಕಾರಣವಿಲ್ಲ.

ಕಲ್ಲೇಟಿಗೆ ಔಷಧ ಎಂದರೆ ಪಿಪಿಎಫ್ ಮಾತ್ರ. ಇದು ಪಾಲಿಯುರೇಥೇನಿನ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳು ಮರಳು, ಕಲ್ಲಿಗೆ ಸವೆಯದಿರಲೆಂದು ಅಂಟಿಸಿದ ಪಟ್ಟಿಯಿಂದ ಬೆಳೆದು ಬಂದದ್ದು. ದಪ್ಪ 150ರಿಂದ 200 ಮೈಕ್ರಾನ್, ಅಂದರೆ ಕಾರಿನ ಬಣ್ಣದ ಪದರಗಳೆಲ್ಲ ಸೇರಿದ್ದಕ್ಕಿಂತ ಹೆಚ್ಚು. ಬೆಲೆಯೂ ಹಾಗೇ. ಪುಣೆ ಹೆದ್ದಾರಿಯಲ್ಲಿ ವಾರವಾರ ಓಡಾಡುವವರು ಮುಂದಿನ ಬಂಪರ್, ಬಾನೆಟ್ಟಿಗೆ ಮಾತ್ರ ಹಾಕಿಸಿಕೊಂಡರೆ ಹಣಕ್ಕೆ ನ್ಯಾಯ ಸಿಗುತ್ತದೆ. ಊರೊಳಗೇ ಓಡುವ ಕಾರಿಗೆ ಅದೂ ಬೇಡ.

ಉಳಿದದ್ದು ಅಂಡರ್‌ಬಾಡಿ ಕೋಟಿಂಗ್. ನೀವು ಎಲ್ಲಿರುತ್ತೀರಿ ಎಂಬುದರ ಮೇಲೆ ಇದರ ಉತ್ತರ ಬದಲಾಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕ, ಕೆನಡಾಗಳಲ್ಲಿ ಕಾರಿನ ತಳಕ್ಕೆ ತುಕ್ಕು ದೊಡ್ಡ ಶತ್ರು. ಟೊರಾಂಟೊದಲ್ಲಿರುವ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಬಯಲುಸೀಮೆಯ ಒಣ ಹವೆಯಲ್ಲಿ ಕಾರ್ಖಾನೆಯವರು ತಳಕ್ಕೆ ಹಾಕಿಕೊಟ್ಟಿರುವ ಪಿವಿಸಿ ಲೇಪ ಸಾಕು. ಕರಾವಳಿಯ ಕತೆ ಬೇರೆ. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಸಮುದ್ರದ ಗಾಳಿ ಉಪ್ಪಿನ ಕಣಗಳನ್ನು ತಂದು ಲೋಹದ ಮೇಲೆ ಕೂರಿಸುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆ ಬೀಳದ ದಿನವೂ ಅಲ್ಲಿ ಕಾರಿನ ತಳ ಉಪ್ಪುನೀರಿನಲ್ಲಿ ಒದ್ದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ ತುಕ್ಕಿನ ಕ್ರಿಯೆ ಬಿರುಸಾಗುತ್ತದೆ. ಅಂಥ ಕಡೆ, ತಳವನ್ನು ತೊಳೆದು ಪೂರ್ತಿ ಒಣಗಿಸಿದ ಮೇಲೆ, ಸಂದುಗಳಿಗೆ ಇಳಿಯುವ ಮೇಣದ ಬಗೆಯ ಲೇಪ ಮಾಡಿಸುವುದು ಒಳ್ಳೆಯದು. ಮಲೆನಾಡಿನ ಕೆಸರು ರಸ್ತೆಯವರಿಗೂ ಇದನ್ನೇ ಹೇಳುತ್ತೇನೆ. ಡಾಂಬರಿನಂಥ ದಪ್ಪ ಲೇಪದ ಬಗ್ಗೆ ಎಚ್ಚರವಿರಲಿ: ಒದ್ದೆ ತಗಡಿನ ಮೇಲೆ ಬಳಿದರೆ, ಅಥವಾ ಮುಂದೆ ಅದು ಬಿರುಕು ಬಿಟ್ಟರೆ, ನೀರು ಒಳಗೇ ಸಿಕ್ಕಿಕೊಂಡು ಕಣ್ಣಿಗೆ ಕಾಣದಂತೆ ತುಕ್ಕು ಬೆಳೆಯುತ್ತದೆ. ಬಾಗಿಲಿನ ಕೆಳ ಅಂಚನ್ನು ಬಗ್ಗಿ ನೋಡಿ, ಸಣ್ಣ ಸೀಳುಗಳಂಥ ತೂತುಗಳಿವೆ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಬರುವ ದಾರಿ ಅವು. ಅವಸರದ ಕೆಲಸದಲ್ಲಿ ಅವೇ ಮುಚ್ಚಿಹೋದರೆ ರಕ್ಷಣೆಗೆಂದು ಮಾಡಿಸಿದ್ದೇ ಬಾಗಿಲನ್ನು ತಿನ್ನುತ್ತದೆ.

ಈ ಯಾವ ಕೋಟಿಂಗೂ ಕಾರು ಕೊಳ್ಳುವುದಕ್ಕೆ ಕಡ್ಡಾಯ ಆಗಲಾರದು. ‘ಗಾಡಿಗೆ ಈಗಾಗಲೇ ಮಾಡಿಬಿಟ್ಟಿದ್ದೇವೆ’, ‘ಇದು ಪ್ಯಾಕೇಜಲ್ಲೇ ಬರುತ್ತೆ’ ಎಂದರೂ ಒಪ್ಪಬೇಕಿಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಬುಕಿಂಗ್ ಹಣ ಕಟ್ಟುವ ಮೊದಲೇ ಆ ಸಾಲುಗಳನ್ನು ಹೊಡೆಸಿ, ಹೊಸ ಕೊಟೇಶನ್ ಬರೆಸಿಕೊಳ್ಳಿ. ಕಡ್ಡಾಯ ಎಂದು ಪಟ್ಟು ಹಿಡಿದರೆ ಅದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ ಎಂದು ಕೇಳಿ. ಅಷ್ಟಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.