ಓಡುವವರ ಕಾಲಿನ ಎಲುಬು ನೋವು: ಶಿನ್ ಸ್ಪ್ಲಿಂಟ್ಸ್ ಬಗ್ಗೆ ತಿಳಿದಿರಬೇಕಾದದ್ದು

ಜೂನ್‌ನಲ್ಲಿ ತರಗತಿಗಳು ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ಮೈದಾನದಲ್ಲಿ ನನಗೆ ಕೇಳಿಬರುವ ಮೊದಲ ದೂರು ಇದು: "ಸರ್, ಓಡಿದ್ರೆ ಮೊಣಕಾಲ ಕೆಳಗೆ ಎಲುಬು ನೋಯ್ತೈತ್ರಿ." ಹೇಳುವವರಲ್ಲಿ ಖೋ-ಖೋ ಆಡುವ ಹುಡುಗಿಯರು, 1500 ಮೀಟರ್ ಓಡುವವರು, ಪೊಲೀಸ್ ಅಥವಾ ಸೇನೆಗೆ ಸೇರಬೇಕೆಂದು ಬೆಳಿಗ್ಗೆ ಐದಕ್ಕೇ ಎದ್ದು ಓಡುವವರು, ಎಲ್ಲರೂ ಇದ್ದಾರೆ. ಮೊಣಕಾಲು ಮತ್ತು ಪಾದದ ನಡುವೆ, ಕಾಲಿನ ಮುಂದಿನ ದೊಡ್ಡ ಎಲುಬಿನ ಒಳಅಂಚಿನಲ್ಲಿ ಬರುವ ಈ ನೋವಿಗೆ ಕ್ರೀಡಾಪಟುಗಳು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ವೈದ್ಯರು ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್ ಎಂದು ಬರೆಯುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹಾಗೆಂದು "ಓಡ್ತಾ ಓಡ್ತಾ ತಾನೇ ಹೋಗುತ್ತೆ" ಎಂಬ ಮಾತನ್ನೂ ನಂಬಬೇಡಿ.

ಎಲುಬು ಕಲ್ಲಿನಂಥ ನಿರ್ಜೀವ ವಸ್ತುವಲ್ಲ. ನಾವು ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 55 ಕಿಲೋ ತೂಗುವ ಹುಡುಗನಿಗೆ ಅದು 110ರಿಂದ 165 ಕಿಲೋ. ಆ ಭಾರಕ್ಕೆ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೀನಖಂಡದ ಸ್ನಾಯುಗಳು ಎಲುಬಿನ ಮೇಲಿನ ಪೊರೆಯನ್ನು ಎಳೆಯುತ್ತವೆ. ಹೊಸ ಭಾರಕ್ಕೆ ಹೊಂದಿಕೊಳ್ಳಲು ದೇಹ ಎಲುಬನ್ನು ರಿಪೇರಿ ಮಾಡುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಕೆರೆದು ತೆಗೆಯುತ್ತವೆ, ಆಸ್ಟಿಯೋಬ್ಲಾಸ್ಟ್ ಕೋಶಗಳು ಆ ಜಾಗದಲ್ಲಿ ಹೊಸದನ್ನು ತುಂಬುತ್ತವೆ. ತೊಡಕು ಇರುವುದು ಇಲ್ಲಿಯೇ: ತೆಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬುವ ಕೆಲಸಕ್ಕೆ ತಿಂಗಳುಗಳು ಬೇಕು. ಹೊಸದಾಗಿ ಓಡಲು ಶುರು ಮಾಡಿದ ಮೂರು ನಾಲ್ಕು ವಾರಗಳ ಹೊತ್ತಿಗೆ ಎಲುಬು ಮೊದಲಿಗಿಂತ ಸ್ವಲ್ಪ ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ಉಸಿರು ಪಳಗಿರುತ್ತದೆ, ಹುಮ್ಮಸ್ಸು ಬಂದಿರುತ್ತದೆ, ಇನ್ನೆರಡು ಸುತ್ತು ಓಡೋಣ ಅನ್ನಿಸುತ್ತದೆ. ಉಸಿರಿನ ವೇಗಕ್ಕೆ ಎಲುಬು ತಯಾರಾಗುವುದಿಲ್ಲ. ಈ ನೋವಿನ ಕಾರಣ ಮುಕ್ಕಾಲು ಪಾಲು ಇಷ್ಟೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಇದಕ್ಕೆ ನೆಲವೂ ಸೇರಿಕೊಳ್ಳುತ್ತದೆ. ಹಡಗಲಿ, ಹರಪನಹಳ್ಳಿ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ, ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಮಸಾರಿ ಮಣ್ಣು ಓಡಲು ಚೆನ್ನ, ಆದರೆ ಕಲ್ಲು ಜಾಸ್ತಿ. ಹಾಗಾಗಿ ಹುಡುಗರು ಡಾಂಬರು ರಸ್ತೆಗೆ ಇಳಿಯುತ್ತಾರೆ. ಗುಡೇಕೋಟೆ ಸುತ್ತಿನವರಿಗೆ ಬೇರೆ ದಾರಿಯೂ ಇಲ್ಲ. ಕರಡಿಧಾಮದ ಅಂಚಿನ ಮಣ್ಣು ದಾರಿಗೆ ನಸುಕಿನಲ್ಲಿ ಹೋಗಿ ಎಂದು ನಾನಂತೂ ಹೇಳಲಾರೆ. ರಸ್ತೆ ಮಧ್ಯದಲ್ಲಿ ಎತ್ತರವಿದ್ದು ಅಂಚಿಗೆ ಇಳಿಜಾರಾಗಿರುತ್ತದೆ. ದಿನವೂ ಒಂದೇ ಬದಿಯಲ್ಲಿ ಓಡಿದರೆ ಒಂದೇ ಕಾಲಿಗೆ ಹೆಚ್ಚು ಪೆಟ್ಟು. ವಾಹನ ಇಲ್ಲದ ದಾರಿಯಾದರೆ ಹೋಗುವಾಗ ಬರುವಾಗ ಒಂದೇ ಅಂಚು ಹಿಡಿಯಿರಿ, ಆಗ ಎರಡೂ ಕಾಲಿಗೆ ಇಳಿಜಾರು ಸಮನಾಗಿ ಸಿಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ನೋವು ಯಾವ ಬಗೆಯದು ಎಂದು ಬೆರಳಿನಿಂದಲೇ ಸುಮಾರಾಗಿ ತಿಳಿಯಬಹುದು. ಕುಳಿತುಕೊಂಡು ಎಲುಬಿನ ಒಳಅಂಚನ್ನು ಮೇಲಿನಿಂದ ಕೆಳಗೆ ಒತ್ತುತ್ತ ಹೋಗಿ. ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದಕ್ಕೆ, ಅಂದರೆ ಮೂರು ಬೆರಳಿನ ಅಗಲಕ್ಕೂ ಹೆಚ್ಚು, ಹರಡಿಕೊಂಡು ನೋಯುತ್ತಿದ್ದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್. ಓಟ ಶುರು ಮಾಡಿದಾಗ ನೋಯುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಒಂದೇ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಕಡೆ, ಒತ್ತಿದರೆ ಜೀವ ಹೋಗುವ ಹಾಗೆ ನೋಯುತ್ತಿದ್ದರೆ ಮಾತು ಬೇರೆ. ನಡೆದರೂ ನೋವು, ರಾತ್ರಿ ಮಲಗಿದರೂ ನೋವು, ಆ ಕಾಲಲ್ಲಿ ಕುಂಟಲು ಆಗದಷ್ಟು ನೋವು ಇದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಓಟ ಅಂದೇ ನಿಲ್ಲಿಸಿ ಎಲುಬಿನ ವೈದ್ಯರಿಗೆ ತೋರಿಸಬೇಕು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆ ಇರುವುದು ಸಾಮಾನ್ಯ. "ಎಕ್ಸ್‌ರೇ ನಾರ್ಮಲ್" ಎಂದ ಮಾತ್ರಕ್ಕೆ ಮರುದಿನ ಶೂ ಕಟ್ಟಬೇಡಿ. ಓಡುವಾಗ ಮೀನಖಂಡ ಬಿಗಿದು ಪಾದ ಜೋಮು ಹಿಡಿಯುತ್ತಿದ್ದರೆ ಅದು ಮೂರನೆಯ ಬಗೆ, ಅದಕ್ಕೂ ವೈದ್ಯರೇ ಬೇಕು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಪಾಸಾಗಿದ್ದ. ಮನೆಯವರು ಊರಿಗೆಲ್ಲ ಹೇಳಿಕೊಂಡಿದ್ದರು. ಕಾಲು ನೋವೆಂದು ವಾರಕ್ಕೊಂದು ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಓಡಿದ. ದೈಹಿಕ ಪರೀಕ್ಷೆಯ ದಿನ ಅವನ ಕಾಲಿಗೆ ಪ್ಲಾಸ್ಟರ್ ಇತ್ತು. ಇಂಜೆಕ್ಷನ್ನಾಗಲಿ ಮಾತ್ರೆಯಾಗಲಿ ನೋವನ್ನು ಮುಚ್ಚುತ್ತವೆ, ಎಲುಬಿನ ರಿಪೇರಿಯನ್ನು ಅವು ಮಾಡುವುದಿಲ್ಲ.

ಹಾಗಾದರೆ ಚಿಕಿತ್ಸೆ ಏನು? ಮುಖ್ಯವಾದದ್ದು ಭಾರ ಇಳಿಸುವುದು. ಸಾಮಾನ್ಯವಾಗಿ ಎರಡರಿಂದ ಆರು ವಾರ ಓಟ, ಜಿಗಿತ ಬಿಡಬೇಕಾಗುತ್ತದೆ. ಸುಮ್ಮನೆ ಮಲಗಬೇಕಿಲ್ಲ. ಸೈಕಲ್ ತುಳಿಯಿರಿ, ಹಳ್ಳಿಯಿಂದ ಬರುವವರಿಗೆ ಸೈಕಲ್ ಮನೆಯಲ್ಲೇ ಇದೆ, ದಮ್ಮು ಹಾಗೇ ಉಳಿಯುತ್ತದೆ. ಓಡಿ ಬಂದ ಮೇಲೆ ನೋವಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ನೇರವಾಗಿ ಚರ್ಮಕ್ಕೆ ಬೇಡ. ಬಿಸಿ ಎಣ್ಣೆ ಹಾಕಿ ಎಲುಬಿನ ಮೇಲೆಯೇ ಗಟ್ಟಿಯಾಗಿ ತಿಕ್ಕುವುದು ನಮ್ಮ ಕಡೆಯ ರೂಢಿ. ನೊಂದ ಪೊರೆಯನ್ನು ಇನ್ನಷ್ಟು ನೋಯಿಸುವುದು ಬಿಟ್ಟರೆ ಅದರಿಂದ ಏನೂ ಆಗದು. ಹಿಂದಿನ ಮೀನಖಂಡವನ್ನು ಮೆಲ್ಲಗೆ ನೀವಿದರೆ ತೊಂದರೆಯಿಲ್ಲ.

ನೋವು ಇಳಿಯುತ್ತಿದ್ದಂತೆ ಮೀನಖಂಡಕ್ಕೆ ಶಕ್ತಿ ತುಂಬಬೇಕು. ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸಿ, 15 ಸಲ, ಮೂರು ಬಾರಿ. ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಮಡಚಿ ಒಮ್ಮೆ ಮಾಡಿ. ಮಡಚಿದಾಗ ಕೆಲಸ ಮಾಡುವ ಒಳಗಿನ ಸ್ನಾಯುವೇ ಓಟದಲ್ಲಿ ಎಲುಬನ್ನು ಕಾಯುವುದು. ಗೋಡೆಗೆ ಬೆನ್ನು ಕೊಟ್ಟು ನಿಂತು ಪಾದದ ಮುಂಭಾಗವನ್ನು 20 ಸಲ ಎತ್ತಿ. ಅರ್ಧ ಗಂಟೆ ಬಿರುಸಾಗಿ ನಡೆದು ಮರುದಿನ ಬೆಳಿಗ್ಗೆ ನೋವಿಲ್ಲದಿದ್ದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ದಿನ ಬಿಟ್ಟು ದಿನ ಶುರು ಮಾಡಿ. ಮರುದಿನ ಬೆಳಗಿನ ನೋವೇ ನಿಮಗೆ ಅಳತೆಗೋಲು.

ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ತೆಳು ಅಟ್ಟೆಯ ಕ್ಯಾನ್ವಾಸ್ ಶೂಗಿಂತ ಓಟದ ಶೂ ಒಳ್ಳೆಯದು. ದುಬಾರಿಯದ್ದೇ ಬೇಕೆಂದಿಲ್ಲ. ಬರಿಗಾಲಲ್ಲಿ ಓಡಿ ಬೆಳೆದವರು ಶೂಗೆ, ಶೂನವರು ಬರಿಗಾಲಿಗೆ ದಿಢೀರನೆ ಬದಲಾಗಬೇಡಿ. ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚು ಓಟ ಏರಿಸಬಾರದು ಎಂಬ ನಿಯಮವನ್ನು ಮೊಬೈಲಿನಲ್ಲಿ ನೋಡಿರುತ್ತೀರಿ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 532 ಹೊಸ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿದರು. ನಿಯಮ ಪಾಲಿಸಿದವರಲ್ಲಿ ಶೇಕಡ 20.8, ಉಳಿದವರಲ್ಲಿ 20.3 ಮಂದಿಗೆ ಗಾಯವಾಯಿತು ಎಂದು 2008ರಲ್ಲಿ ಪ್ರಕಟಿಸಿದರು. ಎಂದರೆ ಕಾಗದದ ಮೇಲಿನ ಲೆಕ್ಕ ಕಾಲನ್ನು ಉಳಿಸುವುದಿಲ್ಲ, ನೋವು ಬಂದ ದಿನವೇ ಕಡಿಮೆ ಮಾಡುವ ಬುದ್ಧಿ ಬೇಕು. ಬೇಸಿಗೆ ರಜೆ, ರಂಜಾನ್, ಜ್ವರ ಇವುಗಳ ನಂತರ ಹಳೆಯ ಸುತ್ತುಗಳಿಗೆ ನೇರವಾಗಿ ಮರಳುವವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಈ ನೋವು ಹುಡುಗಿಯರಿಗೇ ಹೆಚ್ಚು ಬರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಬಸ್ಸಿಗೆ ತಡವಾಗುತ್ತದೆಂದು ನಾಷ್ಟಾ ಬಿಟ್ಟು, ಸಂಜೆ ಓಡುವವರು ನಮ್ಮಲ್ಲಿ ಬಹಳ. ತಿನ್ನುವುದು ಕಡಿಮೆಯಾಗಿ ಓಟ ಜಾಸ್ತಿಯಾದರೆ ಮುಟ್ಟು ತಪ್ಪುತ್ತದೆ, ಎಲುಬು ಸವೆಯುತ್ತದೆ. ಮೂರು ತಿಂಗಳು ತಪ್ಪಿದರೆ ಅಮ್ಮನಿಗೋ ನಮ್ಮ ಮೇಡಂಗಳಿಗೋ ಹೇಳಿ, ವೈದ್ಯರನ್ನು ಕಾಣಿ. ಇದರಲ್ಲಿ ನಾಚಿಕೆಯ ಮಾತಿಲ್ಲ. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ರಾಗಿಯಲ್ಲಿ ಧಾರಾಳವಾಗಿದೆ. ರೊಟ್ಟಿಯ ಜೊತೆ ವಾರದಲ್ಲಿ ಎರಡು ಮೂರು ದಿನ ಮುದ್ದೆ ಅಥವಾ ಅಂಬಲಿ ಇರಲಿ.

ಇನ್ನು ಪೊಲೀಸ್ ನೇಮಕಾತಿಗೆ ಹೊರಟವರು. ಕಾನ್‌ಸ್ಟೇಬಲ್ ಹುದ್ದೆಗೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓಡಲು ಶುರು ಮಾಡಿದರೆ ಎಲುಬಿಗೆ ಸಮಯ ಸಾಲದು. ಓದುವ ತಿಂಗಳುಗಳಲ್ಲೇ ವಾರಕ್ಕೆ ಮೂರು ದಿನ, ಮಾತಾಡುತ್ತ ಓಡಬಹುದಾದಷ್ಟು ನಿಧಾನದಲ್ಲಿ, 20 ನಿಮಿಷ ಮಣ್ಣಿನ ಮೇಲೆ ಓಡಿ. 400 ಮೀಟರ್ ಸುತ್ತಿಗೆ 97 ಸೆಕೆಂಡಿನ ವೇಗವನ್ನು ಕೊನೆಯ ಆರು ವಾರಗಳಿಗೆ ಇಟ್ಟುಕೊಳ್ಳಿ, ಅದೂ ವಾರಕ್ಕೆ ಎರಡೇ ದಿನ.