ಶುಶ್ರೂಷೆಯೆಂಬ ಸಾಧನೆ

ಶುಶ್ರೂಷೆ ಎಂಬ ಶಬ್ದವನ್ನು ಕನ್ನಡಿಗರು ನಿತ್ಯವೂ ಬಳಸುತ್ತಾರೆ. ರೋಗಿಗೆ ಗಂಜಿ ಕುಡಿಸುವುದು, ಗಾಯವನ್ನು ತೊಳೆಯುವುದು, ಹಾಸಿಗೆಯನ್ನು ಬದಲಿಸುವುದು ಇವೆಲ್ಲ ಶುಶ್ರೂಷೆಯೇ ಸರಿ. ಆದರೆ ಶಬ್ದದ ಮೂಲಾರ್ಥ ಇವುಗಳಲ್ಲಿ ಯಾವುದೂ ಅಲ್ಲ. ‘ಶ್ರು’ ಧಾತುವಿಗೆ ಇಚ್ಛಾರ್ಥಕವಾದ ‘ಸನ್’ ಪ್ರತ್ಯಯವು ಸೇರಿ ಹುಟ್ಟಿದ ಈ ಪದಕ್ಕೆ ‘ಕೇಳಬೇಕೆಂಬ ಬಯಕೆ’ ಎಂದು ಅರ್ಥ. ಗುರುವಿನ ನುಡಿಯನ್ನು ಕೇಳಬಯಸುವವನು ಅವನ ಬಳಿ ಇರಬೇಕು. ಬಳಿ ಇದ್ದವನು ಅವನ ಸೇವೆಯನ್ನೂ ಮಾಡಬೇಕು. ಹೀಗೆ ಅರ್ಥವು ಕಿವಿಯಿಂದ ಕೈಗೆ ಇಳಿದು, ಗುರುಸೇವೆಯಿಂದ ರೋಗಿಯ ಸೇವೆಗೆ ವಿಸ್ತರಿಸಿತು. ಕಾಲಕ್ರಮದಲ್ಲಿ ಕೈಯ ಕೆಲಸ ಉಳಿದು ಕಿವಿಯ ಕೆಲಸ ಮರೆಯಾದದ್ದು ಈ ಶಬ್ದದ ದುರ್ದೈವ. ಮರೆತುಹೋದ ಆ ಅರ್ಥವನ್ನು ಮರಳಿ ಆಚರಣೆಗೆ ತಂದ ಒಂದು ತಾಣ ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ.

ಬ್ರೂಕ್‌ಫೀಲ್ಡ್ ಎಂದೊಡನೆ ಇಂದಿನ ವಾಚಕರ ಕಣ್ಣಮುಂದೆ ನಿಲ್ಲುವುದು ಗಗನಚುಂಬಿ ವಸತಿಗೃಹಗಳು, ಗಣಕಯಂತ್ರದ ಕಾರ್ಯಾಲಯಗಳು, ಇರುಳೂ ಹಗಲೂ ನಿಲ್ಲದ ವಾಹನಗಳ ಸಾಲು. 2023ರ ಮಾರ್ಚಿಯಿಂದ ಮೆಟ್ರೋ ರೈಲು ಕೂಡ ಕುಂದಲಹಳ್ಳಿಯ ಮೇಲೆ ಹಾದುಹೋಗುತ್ತಿದೆ. ನಾಡಿನ ನಾನಾ ಭಾಗಗಳಿಂದ ಜೀವನೋಪಾಯವನ್ನರಸಿ ಬಂದ ತರುಣರ ಊರು ಇದು. ಮರಣದ ವಿಚಾರಕ್ಕೆ ಇಲ್ಲಿ ಎಡೆಯೇ ಇಲ್ಲವೇನೋ ಎಂದು ತೋರುತ್ತದೆ. ಆದರೆ ಅಲ್ಲಿಂದ ಅನತಿದೂರದಲ್ಲಿ, ಕುಂದಲಹಳ್ಳಿ ಗೇಟಿನ ಸಮೀಪ ವರ್ತೂರು ರಸ್ತೆಯ ಮಗ್ಗುಲಲ್ಲಿ, ‘ಕರುಣಾಶ್ರಯ’ವೆಂಬ ಅನ್ವರ್ಥನಾಮದ ಸಂಸ್ಥೆಯಿದೆ. ಗುಣಪಡಿಸುವ ಚಿಕಿತ್ಸೆಯ ಎಲ್ಲೆಯನ್ನು ದಾಟಿದ ಅರ್ಬುದರೋಗಿಗಳನ್ನು, ಎಂದರೆ ಕ್ಯಾನ್ಸರ್ ಪೀಡಿತರನ್ನು, ಕೊನೆಯವರೆಗೆ ನೋಡಿಕೊಳ್ಳುವ ಆಲಯವದು.

ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ಬು ಕೂಡಿ 1994ರಲ್ಲಿ ‘ಬೆಂಗಳೂರು ಹಾಸ್ಪೈಸ್ ಟ್ರಸ್ಟ್’ ಎಂಬ ನ್ಯಾಸವನ್ನು ಸ್ಥಾಪಿಸಿದವು. ಕಟ್ಟಡ ಏಳುವುದಕ್ಕೆ ಮೊದಲೇ ದಾದಿಯರು ರೋಗಿಗಳ ಮನೆಮನೆಗೆ ಹೋಗತೊಡಗಿದರು. ಒಳರೋಗಿಗಳ ಆಲಯ ತೆರೆದದ್ದು 1999ರಲ್ಲಿ. ನಡುವೆ ನೀರಿನ ಕೊಳ, ಸುತ್ತಲೂ ತಗ್ಗಾದ ಕಲ್ಲುಕಟ್ಟಡ, ಹಸುರು. ಜಾತಿಮತಗಳ ವಿಚಾರಣೆಯೂ ಇಲ್ಲ, ಹಣದ ವಸೂಲಿಯೂ ಇಲ್ಲ. ದಾಸೋಹದ ಪರಂಪರೆಯುಳ್ಳ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅನ್ನವನ್ನು ಬೆಲೆಗೆ ಮಾರಬಾರದೆಂದು ಅರಿತವರಿಗೆ, ಸಾಯುವವನ ನೋವಿಗೆ ಬೆಲೆ ಕಟ್ಟಬಾರದೆಂಬುದು ಸಹಜವಾಗಿಯೇ ಹೊಳೆಯುತ್ತದೆ.

ಈ ಬಗೆಯ ಆಲಯಗಳ ಆಧುನಿಕ ಇತಿಹಾಸ ಲಂಡನ್ನಿನಲ್ಲಿ ಆರಂಭವಾಗುತ್ತದೆ. ಮೊದಲು ದಾದಿಯಾಗಿ, ಬಳಿಕ ಸಮಾಜಸೇವಕಿಯಾಗಿ, ಕಡೆಗೆ ವೈದ್ಯೆಯಾಗಿ ರೋಗಿಗಳ ಬಳಿ ನಿಂತ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಲಯವನ್ನು ತೆರೆದರು. ನೋವೆಂಬುದು ದೇಹದ್ದು ಮಾತ್ರವಲ್ಲ. ಮನಸ್ಸಿನ ಅಳಲು, ಸಂಸಾರದ ಚಿಂತೆ, ‘ಈ ಬಾಳಿಗೆ ಏನರ್ಥ’ ಎಂಬ ಆತ್ಮದ ಕಳವಳ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡ ‘ಸಮಗ್ರ ವೇದನೆ’ಯದು ಎಂಬುದು ಅವರ ದರ್ಶನ. ಭಾರತದಲ್ಲಿ ಈ ಮಾದರಿಯ ಮೊದಲ ಆಲಯ 1986ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿತು.

ಹಾಗಾದರೆ ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನೆಂದಿದ್ದರು? ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದು ಪಂಡಿತರಿಗೆ ಅಂಟಿದ ಹಳೆಯ ಚಾಳಿ. ಇಲ್ಲಿ ಅದು ಸಲ್ಲದು. ಚರಕಸಂಹಿತೆ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಯಾಪ್ಯವೆಂದರೆ ಗುಣವಾಗದಿದ್ದರೂ ಔಷಧ ಪಥ್ಯಗಳಿಂದ ತಡೆದು ನಿಲ್ಲಿಸಬಹುದಾದದ್ದು. ಬೀಳಲಿರುವ ಮನೆಗೆ ಕೊಟ್ಟ ಊರೆಗಂಬದಂತೆ ಅಲ್ಲಿ ಚಿಕಿತ್ಸೆ ಎಂದು ಸುಶ್ರುತನ ಉಪಮೆ. ಪ್ರತ್ಯಾಖ್ಯೇಯವೆಂದರೆ ವೈದ್ಯನು ಕೈಬಿಡತಕ್ಕದ್ದು. ಅಸಾಧ್ಯರೋಗಕ್ಕೆ ಕೈಹಾಕಿದ ವೈದ್ಯನು ಧನವನ್ನೂ ಕೀರ್ತಿಯನ್ನೂ ಕಳೆದುಕೊಳ್ಳುತ್ತಾನೆಂದು ಚರಕನು ಎಚ್ಚರಿಸುತ್ತಾನೆ. ವೈದ್ಯನಿಗೆ ಇರಬೇಕಾದ ನಾಲ್ಕು ಭಾವಗಳಲ್ಲಿ ಮೈತ್ರಿ, ಕಾರುಣ್ಯ, ಪ್ರೀತಿಗಳ ಜೊತೆಗೆ ‘ಉಪೇಕ್ಷೆ’ಯನ್ನೂ ಎಣಿಸಿ, ಅದನ್ನು ‘ಪ್ರಕೃತಿಸ್ಥ’ರಲ್ಲಿ ತೋರಬೇಕೆನ್ನುತ್ತಾನೆ, ಮರಣದೆಡೆಗೆ ಸಾಗಿದವರು ಎಂದು ಇದಕ್ಕೆ ವ್ಯಾಖ್ಯಾನವುಂಟು. ಹುಸಿಯಾಸೆ ಹುಟ್ಟಿಸಿ ಹಣ ಕೀಳಬಾರದೆಂಬ ಪ್ರಾಮಾಣಿಕತೆ ಈ ಮಾತಿನಲ್ಲಿ ಇಲ್ಲದಿಲ್ಲ. ಕೊನೆಯ ಹದಿನೈದು ದಿನಗಳ ನಿಷ್ಫಲ ಚಿಕಿತ್ಸೆಗೆ ಹೊಲಮನೆಗಳನ್ನು ಮಾರಿಕೊಳ್ಳುವ ಇಂದಿನ ಸಂಸಾರಗಳಿಗೆ ಆ ಎಚ್ಚರ ಬೇಕಾದದ್ದೇ. ಆದರೆ ವೈದ್ಯನು ಎದ್ದುಹೋದ ಮೇಲೆ ಹಾಸಿಗೆಯಲ್ಲಿ ಉಳಿದವನ ಗತಿಯೇನು? ಈ ಪ್ರಶ್ನೆಗೆ ಸಂಹಿತೆಯ ಆ ಭಾಗದಲ್ಲಿ ಸಮಾಧಾನವಿಲ್ಲ. ಚರಕನದೇ ಇನ್ನೊಂದು ಮಾತಿನಲ್ಲಿ ಅದರ ಸುಳಿವುಂಟು. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ವೈದ್ಯ, ಔಷಧ, ರೋಗಿಗಳ ಜೊತೆಗೆ ಅವನು ಹೆಸರಿಸುವ ಪರಿಚಾರಕನಿಗೆ ‘ಉಪಸ್ಥಾತಾ’ ಎಂದು ಸಂಜ್ಞೆ. ಬಳಿಯಲ್ಲಿ ನಿಲ್ಲುವವನು ಎಂದೇ ಅದರ ಅಕ್ಷರಾರ್ಥ. ಉಪಚಾರಜ್ಞಾನ, ದಕ್ಷತೆ, ಶುಚಿತ್ವಗಳ ಜೊತೆಗೆ ರೋಗಿಯಲ್ಲಿ ಅನುರಾಗವೂ ಅವನಿಗೆ ಇರಬೇಕಂತೆ.

ಬಳಿಯಲ್ಲಿ ನಿಲ್ಲುವುದೆಂದರೇನೆಂಬುದನ್ನು ಮಹಾಭಾರತದ ಶರಶಯ್ಯೆಯ ಪ್ರಸಂಗ ತೋರಿಸಿಕೊಡುತ್ತದೆ. ಭೀಷ್ಮನು ಬಿದ್ದಾಗ ದುರ್ಯೋಧನನು ಶಲ್ಯ ಕೀಳುವುದರಲ್ಲಿ ನಿಪುಣರಾದ ವೈದ್ಯರನ್ನು ಕರೆತರುತ್ತಾನೆ. ಭೀಷ್ಮನು ಅವರಿಗೆ ಧನವನ್ನು ಕೊಡಿಸಿ ಗೌರವದಿಂದ ಹಿಂದಕ್ಕೆ ಕಳುಹುತ್ತಾನೆ. ಜೋಲುವ ತಲೆಗೆ ದಿಂಬು ಕೇಳಿದಾಗ ಅರಸರು ಮೃದುವಾದ ದಿಂಬುಗಳನ್ನು ತಂದರು. ಮುದುಕನಿಗೆ ಬೇಕಾದದ್ದು ಏನೆಂದು ತಿಳಿದವನು ಅರ್ಜುನನೊಬ್ಬನೇ. ಅವನು ಬಾಣಗಳಿಂದಲೇ ತಲೆಗೆ ಆಸರೆ ಕೊಟ್ಟನು. ದಾಹವಾದಾಗಲೂ ಹಾಗೆಯೇ. ಅನುಕಂಪವುಳ್ಳ ಅರಸರಿಗೆ ಕೊರತೆಯಿರಲಿಲ್ಲ, ಆದರೆ ಅವರು ತಮಗೆ ಹಿತವೆನಿಸಿದ್ದನ್ನು ತಂದರು. ಮಲಗಿದವನ ಇಂಗಿತವನ್ನು ಆಲಿಸಲಿಲ್ಲ. ಅನಂತರದ ದಿನಗಳಲ್ಲಿ ಧರ್ಮರಾಜನು ಬಳಿ ಕುಳಿತು ಪ್ರಶ್ನೆ ಕೇಳಿದನು, ಭೀಷ್ಮನು ಹೇಳಿದನು. ಸಾಯುವವನು ಉಪದೇಶ ಪಡೆಯಲಿಲ್ಲ, ಕೊಟ್ಟನು ಎಂಬುದನ್ನು ಗಮನಿಸಬೇಕು.

ಕರುಣಾಶ್ರಯದಂಥ ಆಲಯಗಳ ಕಾರ್ಯಕ್ರಮವೂ ಆಲಿಸುವುದರಿಂದಲೇ ಮೊದಲಾಗುತ್ತದೆ. ಎಲ್ಲಿ ನೋವು, ಎಷ್ಟು ನೋವು, ಯಾವ ಹೊತ್ತಿನಲ್ಲಿ ನೋವು? ರೋಗಿಯ ಮಾತೇ ಇಲ್ಲಿ ಪ್ರಮಾಣ. ಸಾಧಾರಣ ನೋವುನಿವಾರಕಗಳಿಂದ ಮೊದಲುಮಾಡಿ ಮಾರ್ಫಿನ್ನಿನವರೆಗೆ ಏರುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿತು. ಮಾರ್ಫಿನ್ನನ್ನು ನೋವು ಬಂದ ಮೇಲೆ ಕೊಡುವುದಲ್ಲ. ನೋವು ಮರಳಿ ಬರುವುದಕ್ಕೆ ಮುಂಚೆಯೇ, ನಾಲ್ಕು ಗಂಟೆಗೊಮ್ಮೆ, ಗಡಿಯಾರವನ್ನು ನೋಡಿ ಕೊಡಬೇಕು. ಮಲಬದ್ಧತೆಯಾಗದಂತೆ ಜೊತೆಗೊಂದು ವಿರೇಚಕ. ಅಫೀಮಿನ ವಸ್ತುವೆಂಬ ಭಯ ಇನ್ನೂ ಅನೇಕರನ್ನು ಬಿಟ್ಟಿಲ್ಲ. ವೈದ್ಯರ ಕಣ್ಗಾವಲಿನಲ್ಲಿ ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆ ಭಯಕ್ಕೆ ಆಧಾರ ತೀರ ಕಡಮೆ. 1985ರ ಮಾದಕದ್ರವ್ಯ ಶಾಸನದ ಬಿಗಿಯಿಂದಾಗಿ ನಮ್ಮ ದೇಶದ ಎಷ್ಟೋ ರೋಗಿಗಳು ಈ ಔಷಧವಿಲ್ಲದೆ ನರಳಿದರು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ದುರ್ಗಂಧ ಬೀರುವ ವ್ರಣಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸಿದರೆ ವಾಸನೆ ತಗ್ಗುತ್ತದೆ. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ವಾಸನೆಗೆ ಅಂಜಿ ದೂರ ನಿಂತಿದ್ದ ಮೊಮ್ಮಗು ಮತ್ತೆ ಅಜ್ಜಿಯ ಹಾಸಿಗೆಯ ಬಳಿ ಬರುವುದು ಇದರಿಂದಲೇ.

ನಮ್ಮ ಮನೆಗಳಲ್ಲಿ ಎರಡು ತೊಡಕುಗಳು ಪದೇಪದೇ ಎದುರಾಗುತ್ತವೆ. ಒಂದು, ಅನ್ನ. ಪ್ರೀತಿಯೆಂದರೆ ಉಣಿಸುವುದು ಎಂದು ತಿಳಿದ ಜನ ನಾವು. ದೇಹವು ತನ್ನ ವ್ಯಾಪಾರಗಳನ್ನು ನಿಲ್ಲಿಸತೊಡಗಿದಾಗ ಹಸಿವು ತಾನಾಗಿ ಅಡಗುತ್ತದೆ. ಬಲವಂತದಿಂದ ಇಟ್ಟ ತುತ್ತು ಶ್ವಾಸನಾಳಕ್ಕೆ ಹೋಗಿ ಸಂಕಟವನ್ನೇ ಹೆಚ್ಚಿಸಬಹುದು. ತುಟಿಯನ್ನು ತೇವವಾಗಿಡುವುದು, ಬಾಯನ್ನು ಒರೆಸುವುದು ಆಗ ಅನ್ನಕ್ಕಿಂತ ಮಿಗಿಲಾದ ಉಪಚಾರ. ಇನ್ನೊಂದು, ಸತ್ಯ. ‘ಅವರಿಗೆ ಮಾತ್ರ ಹೇಳಬೇಡಿ’ ಎಂದು ಮಕ್ಕಳು ವೈದ್ಯರನ್ನು ಬೇಡುತ್ತಾರೆ. ‘ಮಕ್ಕಳಿಗೆ ತಿಳಿದರೆ ತಾಳಲಾರರು’ ಎಂದು ತಂದೆ ಬಾಯಿ ಮುಚ್ಚಿಕೊಂಡಿರುತ್ತಾನೆ. ಎಲ್ಲರೂ ಬಲ್ಲ ಸಂಗತಿಯನ್ನು ಎಲ್ಲರೂ ಅಡಗಿಸಿಡುವ ಈ ನಾಟಕದಲ್ಲಿ ಕಡೆಯ ವಾರಗಳು ವ್ಯರ್ಥವಾಗುತ್ತವೆ. ಜಮೀನಿನ ಲೆಕ್ಕ, ಮುನಿದ ತಮ್ಮನೊಡನೆ ಆಡಬೇಕಾದ ಮಾತು, ಮಗಳಿಗೆ ಹೇಳಬೇಕಾದ ಬುದ್ಧಿ ಎಲ್ಲವೂ ಉಳಿದುಬಿಡುತ್ತವೆ. ಅನುಭವಿಗಳಾದ ದಾದಿಯರು ಸತ್ಯವನ್ನು ಹೇರುವುದಿಲ್ಲ. ‘ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳಿ ಕಾಯುತ್ತಾರೆ. ಬಾಳಿನ ಅರ್ಥವೆಂದು ನಾವು ದೊಡ್ಡ ಮಾತಿನಲ್ಲಿ ಕರೆಯುವುದು ಬಹುಮಟ್ಟಿಗೆ ಇಂಥ ಸಣ್ಣ ಸಂದುಗಳಲ್ಲಿಯೇ ಹೊರಬರುತ್ತದೆ: ತಾನು ಅಗೆಸಿದ ಬಾವಿ, ಸಾಲ ಮಾಡಿ ಓದಿಸಿದ ತಂಗಿ, ತೀರದೆ ಉಳಿದ ಒಂದು ಮಾತು.

ಸಾಯುವವರ ಬಳಿ ಇರುವುದನ್ನೇ ವ್ರತವಾಗಿಸಿಕೊಂಡವರು ಕನ್ನಡನಾಡಿಗೆ ಹೊಸಬರಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳು ಸಲ್ಲೇಖನದಿಂದ ಮುಡಿಪಿದವರನ್ನು ಸ್ಮರಿಸುತ್ತವೆ. ಅಂಥ ಕ್ಷಪಕನ ಸೇವೆಗೆ ‘ನಿರ್ಯಾಪಕ’ರೆಂಬ ಮುನಿಗಳನ್ನು ಜೈನ ಆರಾಧನಾಗ್ರಂಥಗಳು ವಿಧಿಸುತ್ತವೆ, ಮೈ ಹೊರಳಿಸುವವರು, ಧರ್ಮಕಥೆ ಹೇಳುವವರು, ಗದ್ದಲವಾಗದಂತೆ ಬಾಗಿಲು ಕಾಯುವವರು ಎಂದು ಅವರೊಳಗೆ ಕೆಲಸಗಳ ಹಂಚಿಕೆಯೂ ಉಂಟು. ವೀರಶೈವ ಲಿಂಗಾಯತ ಮನೆಗಳಲ್ಲಿ ಅಂತ್ಯಕಾಲ ಸಮೀಪಿಸಿದಾಗ ಜಂಗಮರನ್ನು ಬರಮಾಡಿಕೊಂಡು ವಿಭೂತಿ-ವೀಳ್ಯವನ್ನು ನಡೆಸುವ ಸಂಪ್ರದಾಯದಲ್ಲಿಯೂ ಹೋಗುವವನು ಒಂಟಿಯಾಗಿ ಹೋಗಬಾರದೆಂಬ ಕಾಳಜಿಯಿದೆ. ಇವುಗಳನ್ನು ಒಂದೇ ಎನ್ನಲಾಗದು. ಸಲ್ಲೇಖನ ವ್ರತಧಾರಿಯ ಸಂಕಲ್ಪ. ಉಪಶಮನದ ಆಲಯವಾದರೋ ಮರಣವನ್ನು ಕರೆಯುವುದೂ ಇಲ್ಲ, ತಡೆಯಲು ಸೆಣಸುವುದೂ ಇಲ್ಲ. ಗೌರವದಿಂದ ಸಾಯುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿದು, ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಅದರ ಅನುಷ್ಠಾನಕ್ಕೆ ಆದೇಶ ಹೊರಡಿಸಿದಾಗ ಈ ಭೇದವನ್ನು ಕೆಲವರು ಮರೆತು ವಾದಿಸಿದರು. ಫಲವಿಲ್ಲದ ಯಂತ್ರಗಳನ್ನು ಹಿಂತೆಗೆಯುವುದು ಬೇರೆ, ಕೊಲ್ಲುವುದು ಬೇರೆ.

ಇನ್ನು ಬಳಿ ಕೂರುವವನ ಸಾಧನೆಯ ಮಾತು. ಜಪಕ್ಕೆ ಕುಳಿತವನ ಮನಸ್ಸು ಹರಿದಾಡುವಂತೆಯೇ ಸಾಯುವವನ ಬಳಿ ಕುಳಿತವನ ಮನಸ್ಸೂ ಓಡಲೆಳಸುತ್ತದೆ. ತನ್ನ ಸಾವಿನ ಭಯ ಅಲ್ಲಿ ಕಾಣುತ್ತದೆ. ಅದನ್ನು ಮುಚ್ಚಲು ನಾಲಗೆ ಸಮಾಧಾನದ ಮಾತುಗಳನ್ನು ಹುಡುಕುತ್ತದೆ. ‘ಏನೂ ಆಗುವುದಿಲ್ಲ’, ‘ಎಲ್ಲ ಕರ್ಮಫಲ’ ಎಂಬಿವು ಹೇಳುವವನ ಭಯಕ್ಕೆ ಮದ್ದೇ ಹೊರತು ಕೇಳುವವನ ನೋವಿಗಲ್ಲ. ವೇದಾಂತವನ್ನು ಕಂಠಪಾಠ ಮಾಡಿದವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ಮೌನವಾಗಿ, ಓಡಿಹೋಗದೆ, ಉಸಿರಿನ ಏರಿಳಿತವನ್ನು ಗಮನಿಸುತ್ತ ಒಂದು ತಾಸು ಕುಳಿತಿರುವುದು ಸುಲಭದ ತಪಸ್ಸಲ್ಲ. ಆದರೆ ಅದಕ್ಕೆ ಪಾಂಡಿತ್ಯ ಬೇಡ. ಮನೆಯ ಸೊಸೆ, ನೆರೆಯ ಮುದುಕ, ಕಾಲೇಜಿನ ಹುಡುಗ ಯಾರಾದರೂ ಕಲಿಯಬಹುದು. ರೋಗಿಯ ಮನೆಗೆ ಬರುವ ದಾದಿಯರು ಮನೆಯವರಿಗೆ ಮದ್ದಿನ ವೇಳೆ, ಮಗ್ಗುಲು ಬದಲಿಸುವ ಬಗೆ, ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವ ರೀತಿ ಇವನ್ನು ಕಲಿಸಿಕೊಡುತ್ತಾರೆ. ಹಾಸಿಗೆಯ ಕಾಲದೆಸೆಯಲ್ಲಿ ನಿಂತು ಕೆಳಕ್ಕೆ ನೋಡುತ್ತ ಮಾತಾಡಬಾರದು. ತಲೆಯ ಪಕ್ಕದಲ್ಲಿ ಕುರ್ಚಿಯನ್ನೋ ಮಣೆಯನ್ನೋ ಹಾಕಿಕೊಂಡು, ಮಲಗಿದವರ ಕಣ್ಣಿಗೆ ತನ್ನ ಕಣ್ಣು ಸಮನಾಗಿ ಬರುವಂತೆ ಕೂರಬೇಕು.