ಕಾರಿಗೆ ಹೊಸ ಗಾಲಿ ತೊಡಿಸುವ ಮುನ್ನ

ಮನೆಗೆ ಕಾರು ಬಂದೊಡನೆ ಅದಕ್ಕೆ ದೊಡ್ಡ ಅಲಾಯ್ ಗಾಲಿಗಳನ್ನು ತೊಡಿಸಬೇಕೆಂಬ ಆಸೆ ತರುಣರಲ್ಲಿ ಹುಟ್ಟುವುದು ಸಹಜವೇ. ಆದರೆ ವಾಚಕರೇ, ಗಾಲಿಗೆ ಕಣ್ಣಿಗೆ ಕಾಣುವ ಅಳತೆಯೊಂದು, ಕಾಣದ ಅಳತೆಯೊಂದು ಉಂಟು.

ಕಾಣುವುದು ವ್ಯಾಸ. 185/65 ಆರ್ 15 ಟಾಯರನ್ನು ತೆಗೆದು 195/55 ಆರ್ 16 ಹಾಕಿದರೆ ಒಟ್ಟು ವ್ಯಾಸವು ಸುಮಾರು 621 ಮಿಲಿಮೀಟರೇ ಉಳಿಯುವುದರಿಂದ ವೇಗದ ಮುಳ್ಳು ಸುಳ್ಳು ಹೇಳದು. ಟಾಯರಿನ ಪಕ್ಕದ ಎತ್ತರ ಮಾತ್ರ 120ರಿಂದ 107ಕ್ಕೆ ಇಳಿಯುವುದು. ಇಳಕಲ್ಲಿನ ಕೆಂಪುಕಲ್ಲು ಹೊತ್ತ ಲಾರಿಗಳು ಸವೆಸಿದ ದಾರಿಯ ತಗ್ಗುಗಳಲ್ಲಿ, ಅಷ್ಟು ಮೆತ್ತೆ ಕಡಿಮೆಯಾದರೆ ಗಾಲಿಯ ಅಂಚು ಬಾಗುವ ಭಯವುಂಟು.

ಕಾಣದ ಅಳತೆಗೆ ಆಫ್‌ಸೆಟ್ ಎಂದು ಹೆಸರು. ಗಾಲಿಯ ಅಗಲದ ನಡುಗೆರೆಗೂ ಅದು ಹಬ್‌ಗೆ ಒತ್ತಿ ಕೂಡುವ ಮುಖಕ್ಕೂ ಇರುವ ಅಂತರವಿದು. ಸಾಮಾನ್ಯವಾಗಿ ಗಾಲಿಯ ಮೇಲೆಯೇ ‘ಇಟಿ’ ಎಂಬ ಅಕ್ಷರಗಳ ಮುಂದೆ ಅಚ್ಚಾಗಿರುತ್ತದೆ. 45 ಇದ್ದಲ್ಲಿ 35 ತಂದರೆ, ಅಗಲ ಅದೇ ಇದ್ದರೂ ಗಾಲಿಯು 10 ಮಿಲಿಮೀಟರು ಹೊರಚಾಚುವುದು. ನೋಟಕ್ಕೆ ಗಂಭೀರ, ಬೇರಿಂಗಿಗೆ ಭಾರ! ಹುನಗುಂದದಿಂದ ಬಾದಾಮಿಯ ಬನಶಂಕರಿ ಜಾತ್ರೆಗೆ ಐವರು ಬುತ್ತಿಗಂಟಿನೊಡನೆ ಹೊರಟಾಗ ಕಾರು ಕುಗ್ಗಿ, ಟಾಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜಬಹುದು. ಬಾಗಲಕೋಟೆಯ ಅಂಗಡಿಯ ಮುಂದೆ ಬರಿಯ ಕಾರನ್ನು ನೋಡಿ ಒಪ್ಪಿದವರಿಗೆ ಇದು ತಿಳಿಯುವುದೆಂತು?

ಆದುದರಿಂದ ಹಿಂದಿನ ಸೀಟಿನಲ್ಲಿ ಮೂವರನ್ನು ಕೂಡಿಸಿ, ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ಣ ತಿರುಗಿಸಿ, ಒಂದು ತಗ್ಗು ಹಾಯಿಸಿದ ಬಳಿಕವೇ ಹಣ ಕೊಡತಕ್ಕದ್ದು.